ಎದ್ದದ್ದು ಬಾಡಿಯೋ, ಡಿಫ್ಫೋ?

ಜುಲೈ ತಿಂಗಳ ಮಳೆ, ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ದಾರಿ. ಸ್ನೇಹಿತರ ಜಿಮ್ನಿ ದಿಣ್ಣೆಯ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತ್ತು. ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿಗೆ ಆಳವಾದ ಜಾಡು ಬಿದ್ದಿತ್ತು. ನಡುವೆ ಉಳಿದ ಕೆಮ್ಮಣ್ಣಿನ ದಿಬ್ಬಕ್ಕೆ ಹಿಂದಿನ ಆಕ್ಸಲ್‌ನ ಡಿಫ್ (ಡಿಫರೆನ್ಷಿಯಲ್) ಗುಂಡು ಸಿಕ್ಕಿಕೊಂಡಿತ್ತು. ಆ ಗಾಡಿಗೆ ಎರಡು ಇಂಚಿನ ಲಿಫ್ಟ್ ಕಿಟ್, 235/75 ಆರ್15 ಟೈರು, ನಾಲ್ಕೂ ಚಕ್ರಕ್ಕೆ 30 ಮಿ.ಮೀ. ಸ್ಪೇಸರ್ ಎಲ್ಲ ಹಾಕಿಸಿಯಾಗಿತ್ತು. ಅವರು ಕೆಸರಿನಲ್ಲಿ ಇಳಿದು, ಬಗ್ಗಿ ನೋಡಿ, ನಿಜವಾದ ನೋವಿನಿಂದ ಕೇಳಿದರು: "ಎರಡು ಇಂಚು ಎತ್ತರಿಸಿದೀನಲ್ಲ ಮಾರಾಯ್ರೇ, ಮತ್ಯಾಕೆ ಕೂತ್ಕೊಳ್ತು?"

ಈಗ ನಮ್ಮಲ್ಲಿ ಎಸ್‌ಯುವಿ ಕೊಂಡವರು ಮೊದಲ ಸರ್ವೀಸ್‌ಗೂ ಮುಂಚೆ ಮಾಡಿಸುವ ಕೆಲಸ ಇದೇ: ಲಿಫ್ಟು, ದಪ್ಪ ಟೈರು, ಸ್ಪೇಸರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಳಿಗ್ಗೆ ಬಿಟ್ಟರೆ ಸಂಜೆಗೆ ಗಾಡಿಯ ಚಹರೆಯೇ ಬದಲಾಗಿರುತ್ತದೆ. ಇದನ್ನು ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಲೆನಾಡಿನಲ್ಲಿ ತೋಟದ ಮನೆಗೆ ಹೋಗುವವರಿಗೆ ಒಂದು ಇಂಚಿನ ಎತ್ತರವೂ ನಿಜವಾದ ಅಗತ್ಯವೇ. ಆದರೆ ಈ ಮೂರು ಕೆಲಸಗಳನ್ನು ಒಂದೇ ಪ್ಯಾಕೇಜಿನಂತೆ ಮಾರುವುದರಲ್ಲಿ, ಕೊಳ್ಳುವುದರಲ್ಲಿ ದೊಡ್ಡ ತಪ್ಪಿದೆ. ಮೂರಕ್ಕೂ ಬೇರೆ ಬೇರೆ ಗುಣ, ಬೇರೆ ಬೇರೆ ಬೆಲೆ. ಜಿಮ್ನಿಯನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಇಲ್ಲಿ ಮಾರಾಟಕ್ಕೆ ಬಂದಾಗಿನಿಂದ ಈ ಪ್ಯಾಕೇಜಿಗೆ ಹೆಚ್ಚು ಒಡ್ಡಿಕೊಂಡ ಗಾಡಿಗಳಲ್ಲಿ ಅದೂ ಒಂದು.

ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಅಂದರೆ ಡಿಫ್ ಇರುವುದು ಆಕ್ಸಲ್‌ನ ಒಳಗೆ, ಆಕ್ಸಲ್ ನಿಂತಿರುವುದು ಚಕ್ರದ ಮೇಲೆ. ಲಿಫ್ಟ್ ಕಿಟ್ಟಿನ ಉದ್ದ ಸ್ಪ್ರಿಂಗು ಕೂರುವುದು ಆಕ್ಸಲ್ ಮತ್ತು ಚಾಸಿಯ ನಡುವೆ. ಅದು ಚಾಸಿಯನ್ನು, ಬಾಡಿಯನ್ನು ಎತ್ತುತ್ತದೆ. ಆಕ್ಸಲನ್ನು ಒಂದು ಕೂದಲೆಳೆಯಷ್ಟೂ ಎತ್ತುವುದಿಲ್ಲ. ಕಂಪನಿ ಹೇಳುವ 210 ಮಿ.ಮೀ. ನೆಲತೆರವು ಎರಡು ಇಂಚು ಲಿಫ್ಟ್ ಮಾಡಿಸಿದ ಮೇಲೂ ಡಿಫ್‌ನ ಕೆಳಗೆ ಹಾಗೆಯೇ ಇರುತ್ತದೆ. ಬಂಪರ್ ಎತ್ತರವಾಯಿತು, ಏರುವಾಗ ಇಳಿಯುವಾಗ ಮೂತಿ ತಾಗುವುದು ತಪ್ಪಿತು, ಹೊಟ್ಟೆಯ ಕೆಳಗೆ ಜಾಗವಾಯಿತು. ಅವೆಲ್ಲ ನಿಜವಾದ ಲಾಭಗಳೇ. ಆದರೆ ಜಾಡಿನ ನಡುವಿನ ದಿಬ್ಬ ಹಿಡಿಯುವುದು ಡಿಫನ್ನು. ಅಲ್ಲಿಗೆ ಲಿಫ್ಟಿನಿಂದ ಏನೂ ಬರುವುದಿಲ್ಲ.

ಡಿಫನ್ನು ಎತ್ತುವ ಶಕ್ತಿ ಇರುವುದು ಟೈರಿಗೆ ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. ಕಂಪನಿಯ ಟೈರು 195/80 ಆರ್15. ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ ಶೇ. 80, ಅಂದರೆ 156. ಮೇಲೊಂದು ಕೆಳಗೊಂದು ಗೋಡೆ, ನಡುವೆ 15 ಇಂಚಿನ ರಿಮ್ಮು 381. ಒಟ್ಟು ವ್ಯಾಸ 693 ಮಿ.ಮೀ. ಎಲ್ಲರೂ ಬಯಸುವ 235/75 ಆರ್15ರ ವ್ಯಾಸ ಇದೇ ಲೆಕ್ಕದಲ್ಲಿ 733.5. ಹೆಚ್ಚಿದ್ದು 40 ಮಿ.ಮೀ. ಆದರೂ ಆಕ್ಸಲ್ ಇರುವುದು ಚಕ್ರದ ನಡುವೆ, ಆದ್ದರಿಂದ ಡಿಫ್‌ಗೆ ದಕ್ಕುವುದು 20. ನಮ್ಮ ಕಿರುಬೆರಳಿನ ಅಗಲಕ್ಕಿಂತ ತುಸು ಜಾಸ್ತಿ. ಆ ದಿನ ದಿಬ್ಬ ಅದಕ್ಕಿಂತ ಎತ್ತರವಿತ್ತು, ಅಷ್ಟೇ.

ಆ 20 ಮಿ.ಮೀ. ಬಿಟ್ಟಿ ಸಿಗುವುದೂ ಇಲ್ಲ. ಚಕ್ರ ಶೇ. 5.8ರಷ್ಟು ದೊಡ್ಡದಾದರೆ ಗಾಡಿಯ ಎಲ್ಲ ಗೇರುಗಳೂ ಅಷ್ಟೇ ಉದ್ದವಾದಂತೆ. 134 ಎನ್‌ಎಂ ಟಾರ್ಕ್‌ನ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಅದು, ಶಿರಾಡಿ ಘಾಟಿಯಲ್ಲಿ ಹೆಚ್ಚುವರಿ ಭಾರ ಅದಕ್ಕೆ ಕೂಡಲೇ ತಿಳಿಯುತ್ತದೆ. ನನಗೆ ಹೆಚ್ಚು ಬೇಸರ ತರುವುದು ಇನ್ನೊಂದು. ಜಿಮ್ನಿಯ ಲೋ ಗೇರಿನ ಅನುಪಾತ 2.002; ದೊಡ್ಡ ಟೈರು ಹಾಕಿದ ಮೇಲೆ ಅದು ನೆಲಕ್ಕೆ ಮುಟ್ಟಿಸುವ ಬಲ 1.89ರ ಅನುಪಾತದಷ್ಟೇ. ಕಲ್ಲಿನ ಮೇಲೆ ಇಂಚಿಂಚಾಗಿ ತೆವಳಲೆಂದೇ ಇರುವ ಗೇರು, ಆಫ್‌ರೋಡಿಗೆಂದೇ ಹಾಕಿಸಿದ ಟೈರಿನಿಂದಲೇ ಒರಟಾಗುತ್ತದೆ. ಸ್ಪೀಡೋಮೀಟರೂ ಕೆಳಗೇ ತೋರಿಸುತ್ತದೆ. ಕಂಪನಿಯ ಮೀಟರು ಸಾಮಾನ್ಯವಾಗಿ ತುಸು ಹೆಚ್ಚು ತೋರಿಸುವಂತೆ ಇರುತ್ತದೆ, ದೊಡ್ಡ ಟೈರು ಆ ಅಂತರವನ್ನು ತಿಂದುಹಾಕುತ್ತದೆ. ಓಡೋಮೀಟರು 10,000 ಕಿ.ಮೀ. ಎಂದಾಗ ಗಾಡಿ ಓಡಿರುವುದು ಸುಮಾರು 10,580. ಎಣ್ಣೆ ಬದಲಾಯಿಸುವುದು ಅಷ್ಟು ತಡ. ಮೈಲೇಜ್ ಬಿತ್ತು ಎಂದು ಬೈದುಕೊಳ್ಳುವವರು ಈ ಐದು ಚಿಲ್ಲರೆ ಶೇಕಡವನ್ನು ಮೊದಲು ಲೆಕ್ಕಕ್ಕೆ ಸೇರಿಸಿಕೊಂಡು ಆಮೇಲೆ ಬೈಯಬೇಕು.

ಅಗಲದ ವಿಷಯಕ್ಕೆ ಬಂದರೆ ಮಾತು ಇನ್ನೂ ಗಂಭೀರವಾಗುತ್ತದೆ. ಜಿಮ್ನಿಯ ರಿಮ್ಮು ಐದೂವರೆ ಇಂಚು ಅಗಲ. 235/75 ಆರ್15ಕ್ಕೆ ಟೈರು ತಯಾರಕರ ಕೋಷ್ಟಕ ಒಪ್ಪುವ ರಿಮ್ಮು ಆರು ಇಂಚಿನಿಂದ ಶುರು. ಕಿರಿದಾದ ರಿಮ್ಮಿಗೆ ಅಗಲ ಟೈರು ಏರಿಸಿದರೆ ಗೋಡೆಗಳು ಬುಗ್ಗೆಯಂತೆ ಉಬ್ಬಿ, ತಿರುವಿನಲ್ಲಿ ಗಾಡಿ ಟೈರಿನ ಮೇಲೆಯೇ ಓಲಾಡುತ್ತದೆ. ನೆಲಕ್ಕೆ ತಾಗುವ ಪಟ್ಟೆಯೂ ನಡುವೆ ಹೆಚ್ಚು ಸವೆಯುತ್ತದೆ. ಹಾಗಾಗಿ ರಿಮ್ಮು ಬದಲಾಗಬೇಕು. ಟೈರಿನ ಒಳಬದಿ 20 ಮಿ.ಮೀ. ಒಳಗೆ ಬಂದಿರುವುದರಿಂದ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅದು ಆಕ್ಸಲನ್ನು ಹಿಡಿದಿರುವ ಉದ್ದ ತೋಳಿಗೆ ಉಜ್ಜುತ್ತದೆ. ಉಜ್ಜದಿರಲಿ ಎಂದು ಸ್ಪೇಸರ್ ಬರುತ್ತದೆ. ಸ್ಪೇಸರ್ ಚಕ್ರವನ್ನು ಹೊರಗೆ ತಳ್ಳಿದ ಮೇಲೆ ತಿರುಗುವಾಗ ಅದು ಬಿಡಿಸುವ ಕಮಾನು ದೊಡ್ಡದಾಗಿ, ಈಗ ಬಂಪರಿನ ಮೂಲೆಗೆ ತಾಗುತ್ತದೆ. ಅದನ್ನು ಕತ್ತರಿಸಬೇಕು, ಇಲ್ಲವೇ ಇನ್ನೂ ಲಿಫ್ಟ್ ಮಾಡಬೇಕು. ಲಿಫ್ಟ್ ಮಾಡಿದರೆ ಮುಂದಿನ ಆಕ್ಸಲ್ ತಿರುಚಿಕೊಂಡು ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ, ಗಾಡಿ ಅಲೆಯುತ್ತದೆ. ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್ಹಾರ್ಡ್ ರಾಡ್ ಅದನ್ನು ಒಂದು ಬದಿಗೆ ಎಳೆಯುತ್ತದೆ. ಅದಕ್ಕೆ ಕ್ಯಾಸ್ಟರ್ ಬುಷ್, ಹೊಂದಿಸಬಲ್ಲ ರಾಡ್. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗೆ ಇದು ಸಾಗುತ್ತದೆ, ಮೊದಲ ಸಾಲ ಮಾಡಿದ್ದು 40 ಮಿ.ಮೀ. ಅಗಲಕ್ಕಾಗಿ.

ಆ ದಿನ ನಮ್ಮನ್ನು ಹಗ್ಗ ಕಟ್ಟಿ ಎಳೆದದ್ದು ತೋಟದ ಹಳೆಯ ಮಹೀಂದ್ರ ಜೀಪು. ಅದಕ್ಕಿದ್ದದ್ದು 6.00-16 ಅಳತೆಯ ಟೈರು, ಬರೀ ಆರು ಇಂಚು ಅಗಲ. ಮಳೆಗಾಲದಲ್ಲಿ ಕೊಡಗಿನ, ಹಾಸನದ ತೋಟಗಳ ಚಾಲಕರು ಹಿಂದಿನ ಚಕ್ರಕ್ಕೆ ಚೈನು ಸುತ್ತಿ ಏರುವುದು ಇಂಥ ಕಿರಿದಾದ ಟೈರುಗಳಲ್ಲೇ. ಮಲೆನಾಡಿನ ಕೆಸರು ಮೇಲ್ಪದರದ್ದು. ಕೆಳಗೆ ಗಟ್ಟಿ ನೆಲವೋ ಕಲ್ಲೋ ಇರುತ್ತದೆ. ಕಿರಿದಾದ ಟೈರು ಕೆಸರನ್ನು ಸೀಳಿ ಆ ಗಟ್ಟಿಯನ್ನು ಮುಟ್ಟುತ್ತದೆ, ಅಗಲ ಟೈರು ಕೆಸರಿನ ಮೇಲೆಯೇ ಜಾರುತ್ತದೆ. ಮರಳಿನಲ್ಲಿ ಇದು ತಿರುವುಮುರುವು, ಅಲ್ಲಿ ಅಗಲಕ್ಕೇ ಗೆಲುವು. ಮರುಭೂಮಿಗೆ, ಬೀಚಿಗೆ ಒಗ್ಗುವ ಟೈರನ್ನು ನಾವು ಕಾಫಿ ತೋಟಕ್ಕೆ ತಂದು ಹಾಕಿಕೊಳ್ಳುತ್ತಿದ್ದೇವೆ ಎಂಬುದು ನನ್ನ ಮುಖ್ಯ ತಕರಾರು.

ಈಗ ಸ್ಪೇಸರ್. ತೋಟದಿಂದ ಹಿಂತಿರುಗುವಾಗ ಎಡ ಹಿಂಬದಿಯಿಂದ ಟಕ್, ಟಕ್ ಎಂಬ ಸದ್ದು. ನಿಧಾನ ಹೋದರೆ ನಿಧಾನ, ಜೋರಾದರೆ ಜೋರು. ಹೊರಗಿನ ನಟ್ಟುಗಳನ್ನು ಪಾನಾ ಹಾಕಿ ನೋಡಿದೆವು, ಐದೂ ಬಿಗಿಯಾಗಿದ್ದವು. ಜಾಕ್ ಕೊಟ್ಟು ಚಕ್ರ ಬಿಚ್ಚಿದಾಗ ಒಳಗಿನ ಕಥೆ ಕಂಡಿತು. ಸ್ಪೇಸರನ್ನು ಹಬ್ಬಿಗೆ ಹಿಡಿದಿದ್ದ ಒಳಗಿನ ಐದು ನಟ್ಟುಗಳಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು. ಅಲ್ಯೂಮಿನಿಯಂನ ತೂತು ದುಂಡಗಿರಬೇಕಾದದ್ದು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಅದರ ಅಂಚಿಗೆ ಬೂದಿ ಬಣ್ಣದ ಹುಡಿ ಅಂಟಿತ್ತು. ಸ್ಪೇಸರಿನ ನಡುವಿನ ದೊಡ್ಡ ತೂತು ಜಿಮ್ನಿಯ ಹಬ್ಬಿನ 108 ಮಿ.ಮೀ.ಗಿಂತ ಎದ್ದು ಕಾಣುವಷ್ಟು ದೊಡ್ಡದಿತ್ತು. ಐದು ಬೋಲ್ಟು, 139.7 ಮಿ.ಮೀ. ವೃತ್ತ. ಈ ಅಳತೆ ಹಳೆಯ ವಿಲ್ಲೀಸ್ ಜೀಪಿಗೂ ಜಿಮ್ನಿಗೂ ಒಂದೇ. ಹಾಗಾಗಿ ಅಂಗಡಿಯಲ್ಲಿ "ಕೂರುತ್ತೆ ಸಾರ್" ಎನ್ನುತ್ತಾರೆ. ಕೂರುವುದು ಹೌದು. ಆದರೆ ಹಬ್ಬಿನ ತುಟಿಯ ಮೇಲೆ ಕೂರಬೇಕಾದದ್ದು ಬೋಲ್ಟುಗಳ ಮೇಲೆ ನೇತಾಡುತ್ತಿತ್ತು.

ಚಕ್ರವನ್ನು ಹಿಡಿದಿರುವುದು ಬೋಲ್ಟಿನ ಗಟ್ಟಿತನ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ನಟ್ಟು ಬಿಗಿದಾಗ ಬೋಲ್ಟು ಸ್ವಲ್ಪ ಹಿಗ್ಗಿ, ಸ್ಪ್ರಿಂಗಿನಂತೆ ಎಳೆದು, ರಿಮ್ಮನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರ ಹೊರುವುದು. ಒತ್ತಡ ಸಡಿಲವಾದ ಕ್ಷಣದಿಂದ ಬೋಲ್ಟಿನ ಮೇಲೆ ಅಡ್ಡಪೆಟ್ಟು ಬೀಳುತ್ತದೆ, ಅದಕ್ಕಾಗಿ ಅದನ್ನು ಮಾಡಿಲ್ಲ. ಸ್ಪೇಸರ್ ಹಾಕಿದರೆ ಒಂದು ಜೋಡಣೆಯಿದ್ದ ಜಾಗದಲ್ಲಿ ಎರಡು. ಎರಡನೆಯದು ರಿಮ್ಮಿನ ಹಿಂದೆ ಅಡಗಿರುತ್ತದೆ, ಪಂಕ್ಚರ್ ಅಂಗಡಿಯವರಿಗೂ ಕಾಣುವುದಿಲ್ಲ. ಬೋಲ್ಟಿಲ್ಲದ, ಬರೀ ಬಿಲ್ಲೆಯಂತಹ ತೆಳು ಸ್ಪೇಸರುಗಳು ಇನ್ನೂ ಅಪಾಯ: ಅವು ಕಂಪನಿಯ ಬೋಲ್ಟಿನ ಉದ್ದವನ್ನು ತಿಂದು, ನಟ್ಟಿಗೆ ಹಿಡಿಯಲು ನಾಲ್ಕೈದು ಸುತ್ತಿನ ದಾರ ಉಳಿಸುತ್ತವೆ. ಬೋಲ್ಟಿನ ದಪ್ಪದಷ್ಟಾದರೂ ಉದ್ದ ನಟ್ಟಿನೊಳಗೆ ಹೋಗಬೇಕು, 12 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ಅಷ್ಟಿಲ್ಲದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ನ್ಯಾಯವಾಗಿ ಹೇಳುವುದಾದರೆ ಸ್ಪೇಸರಿಗೂ ಒಂದು ಗುಣವಿದೆ. ಜಿಮ್ನಿಯ ಎಡ ಬಲ ಚಕ್ರಗಳ ನಡುವಿನ ಅಂತರ ಮುಂದೆ 1395 ಮಿ.ಮೀ.; ಗಾಡಿಯ ಎತ್ತರಕ್ಕೆ ಹೋಲಿಸಿದರೆ ಅದು ಬಹಳ ಕಿರಿದು. ಲಿಫ್ಟ್ ಮಾಡಿದ ಮೇಲೆ ಭಾರ ಇನ್ನೂ ಮೇಲೇರುತ್ತದೆ. 30 ಮಿ.ಮೀ. ಸ್ಪೇಸರ್ ಎರಡೂ ಬದಿಗೆ ಸೇರಿ 60 ಮಿ.ಮೀ. ಅಗಲ ಕೊಡುತ್ತದೆ, ಅಡ್ಡ ಇಳಿಜಾರಿನಲ್ಲಿ ಅದು ಧೈರ್ಯ ಕೊಡುವ ಅಗಲ. ಅದೇ ಅಗಲವನ್ನು ಸರಿಯಾದ ಆಫ್‌ಸೆಟ್ಟಿನ ರಿಮ್ಮಿನಿಂದಲೂ ಪಡೆಯಬಹುದು. ಬೇರಿಂಗಿನ ಮೇಲೆ ಬೀಳುವ ಹೆಚ್ಚುವರಿ ಸನ್ನೆಭಾರ ಎರಡರಲ್ಲೂ ಒಂದೇ, ರಿಮ್ಮು ಕೊಂಡವರು ಬೇರಿಂಗ್ ಉಳಿಯಿತೆಂದು ನೆಮ್ಮದಿಪಡುವಂತಿಲ್ಲ. ವ್ಯತ್ಯಾಸ ಇರುವುದು ಅಡಗಿರುವ ಎರಡನೆಯ ಜೋಡಣೆಯಲ್ಲಿ. ಆ ಒಂದು ಕಾರಣಕ್ಕೆ ನಾನು ರಿಮ್ಮಿನ ಪಕ್ಷ. ರಿಮ್ಮಿಗೆ ದುಡ್ಡು ಸಾಲದವರು ಹಾಕಿಸುವುದಾದರೆ ಹಬ್ಬಿಗೆ ಸರಿಯಾಗಿ ಕಚ್ಚುವ, ತನ್ನದೇ ಬೋಲ್ಟುಗಳಿರುವ ಸ್ಪೇಸರನ್ನೇ ಹಾಕಿಸಬೇಕು. ಏರ್ ಗನ್ನಿನಲ್ಲಿ ಬಡಿಯದೆ ಟಾರ್ಕ್ ಪಾನಾದಲ್ಲಿ ಬಿಗಿಸಬೇಕು, ನೂರು ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್ಟು ಮತ್ತೆ ನೋಡಬೇಕು. ಆ ಎರಡನೆಯ ಸಲ ಬಿಚ್ಚುವ ಕೆಲಸವನ್ನು ಸ್ನೇಹಿತರಿಗೆ ಯಾರೂ ಹೇಳಿರಲಿಲ್ಲ.

ಥಾರ್ ಕೊಂಡವರಿಗೆ ಈ ಲೆಕ್ಕ ತುಸು ಬೇರೆ. 2020ರ ಥಾರ್‌ಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್. ಡಿಫ್ ಚಾಸಿಗೆ ಸೇರಿರುವುದರಿಂದ ಲಿಫ್ಟ್ ಅದನ್ನೂ ಎತ್ತುತ್ತದೆ, ಆದರೆ ಆಕ್ಸಲಿನ ಸಿ.ವಿ. ಜಾಯಿಂಟುಗಳು ಓರೆಯಾಗಿ ಓಡಬೇಕಾಗಿ ಬೇಗ ಸವೆಯುತ್ತವೆ. ಹಿಂದಿನದು ಗಟ್ಟಿ ಆಕ್ಸಲ್, ಅಲ್ಲಿ ಜಿಮ್ನಿಯದೇ ಕಥೆ. ಮೇಲಾಗಿ 255/65 ಆರ್18 ಟೈರಿನ ವ್ಯಾಸ ಕಂಪನಿಯಿಂದಲೇ 788 ಮಿ.ಮೀ. ದಾಟುತ್ತದೆ. ಅದಕ್ಕಿಂತ ದೊಡ್ಡದು ತೋಟದ ದಾರಿಗೆ ಏಕೆ ಬೇಕೆಂದು ನನಗೆ ಯಾರೂ ಒಪ್ಪುವಂತೆ ಹೇಳಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಹೇಳುತ್ತದೆ. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಚಕ್ರ ಹಿಂದೆ ಬರುವ ಬೈಕಿನವರ ಮುಖಕ್ಕೆ ಕಲ್ಲು ಸಿಡಿಸುತ್ತದೆ. ನನಗೆ ದಂಡಕ್ಕಿಂತ ಅದೇ ದೊಡ್ಡ ಕಾರಣ.

ಜಿಮ್ನಿಗೆ ನಾನು ಒಪ್ಪುವ ಟೈರು 215/75 ಆರ್15, ಎಟಿ (ಆಲ್ ಟೆರೇನ್) ಅಚ್ಚಿನದು. ವ್ಯಾಸ 703.5, ಬರೀ ಹತ್ತು ಮಿ.ಮೀ. ಹೆಚ್ಚು. ಕಂಪನಿಯ ಐದೂವರೆ ಇಂಚಿನ ರಿಮ್ಮಿಗೇ ಕೂರುತ್ತದೆ. ಲಿಫ್ಟು ಬೇಡ, ಸ್ಪೇಸರು ಬೇಡ. ಆದರೆ ಐದು ಕೊಳ್ಳಬೇಕು, ನಾಲ್ಕಲ್ಲ. ಸ್ಟೆಪ್ನಿ ಹಳೆಯ ಅಳತೆಯದಾಗಿ ಉಳಿದು, ಅದನ್ನು ಹಾಕಿಕೊಂಡು ಫೋರ್ ವೀಲ್‌ನಲ್ಲಿ ಗಟ್ಟಿ ರಸ್ತೆಯ ಮೇಲೆ ಓಡಿಸಿದರೆ ಹಿಂದಿನ ಮುಂದಿನ ಚಕ್ರಗಳ ಸುತ್ತು ಹೊಂದದೆ ಟ್ರಾನ್ಸ್‌ಫರ್ ಕೇಸ್ ಹಿಂಡಿಹೋಗುತ್ತದೆ. ಉಳಿದ ದುಡ್ಡಿಗೆ ಒಂದು ಗಾಳಿ ಮೀಟರು, ಒಂದು ಸಣ್ಣ ಕಂಪ್ರೆಸರ್. ಕೆಸರಿಗೆ ಇಳಿಯುವ ಮುಂಚೆ 18 ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಚಾಚಿ ನೆಲವನ್ನು ತಬ್ಬುತ್ತದೆ, ಆ ಹಿಡಿತ ಯಾವ ಸ್ಪೇಸರಿನಿಂದಲೂ ಬರುವುದಿಲ್ಲ. ರಸ್ತೆಗೆ ಬಂದ ಮೇಲೆ ಮತ್ತೆ ತುಂಬಬೇಕು. ಕಡಿಮೆ ಗಾಳಿಯಲ್ಲಿ ಹೈವೇ ವೇಗ ಟೈರನ್ನು ಕಾಯಿಸಿ ಸೀಳುತ್ತದೆ.

ಸ್ನೇಹಿತರು ಸ್ಪೇಸರುಗಳನ್ನು ಅದೇ ವಾರ ಬಿಚ್ಚಿಸಿದರು. ಲಿಫ್ಟ್ ಉಳಿಸಿಕೊಂಡರು, ಕ್ಯಾಸ್ಟರ್ ಬುಷ್ ಹಾಕಿಸಿದ ಮೇಲೆ ಸ್ಟೀರಿಂಗ್ ನೆಟ್ಟಗಾಯಿತು. ಈ ಮಳೆಗಾಲ ಅದೇ ತೋಟಕ್ಕೆ ಹೋದಾಗ ದಿಬ್ಬದ ಬಳಿ ಗಾಡಿ ನಿಲ್ಲಿಸಿ ಇಳಿದರು. ಜಾಡಿನ ಆಳಕ್ಕೆ ಗುದ್ದಲಿ ಕಾವು ಊರಿ, ಅದರ ಮೇಲೆ ಬೆರಳಿನಿಂದ ಗುರುತು ಹಿಡಿದು, ತಂದು ಡಿಫ್ಫಿನ ಪಕ್ಕ ಇಟ್ಟು ನೋಡಿದರು. ಆಮೇಲೆ ಒಂದು ಚಕ್ರವನ್ನು ದಿಬ್ಬದ ಮೇಲೆ, ಇನ್ನೊಂದನ್ನು ಬದಿಯ ಗಟ್ಟಿ ಅಂಚಿನ ಮೇಲೆ ಹತ್ತಿಸಿಕೊಂಡು ಲೋ ಗೇರಿನಲ್ಲಿ ನಿಧಾನವಾಗಿ ದಾಟಿದರು.