ನಿಯತ್ತಿಗೆ ಯಾವ ಮತ?

ಶಾಲೆಯ ಮಕ್ಕಳಿಗೆ ನೀತಿ ಕಲಿಸಬೇಕೆಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ, ಮತ್ತೆ ತಣ್ಣಗಾಗುತ್ತದೆ. 2022ರಲ್ಲಿ ಗುಜರಾತ್ ಸರಕಾರವು ಭಗವದ್ಗೀತೆಯನ್ನು ಶಾಲಾ ಪಾಠಕ್ಕೆ ಸೇರಿಸುವುದಾಗಿ ಹೇಳಿದ ಮೇಲೆ ಕರ್ನಾಟಕದಲ್ಲೂ ಆ ಚರ್ಚೆ ನಡೆಯಿತು. 2023ರ ಜನವರಿಯಲ್ಲಿ ಅಂದಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ಮಠಾಧೀಶರನ್ನೂ ಶಿಕ್ಷಣ ತಜ್ಞರನ್ನೂ ಕರೆದು ನೈತಿಕ ಶಿಕ್ಷಣದ ಬಗ್ಗೆ ಸಭೆ ನಡೆಸಿದರು. ಯಾವ ಗ್ರಂಥದಿಂದ ಎಷ್ಟು ಪಾಠ ಎಂಬ ವಾದ ಎದ್ದಿತು. ಅದಕ್ಕಿಂತ ಹಿಂದಿನ ಪ್ರಶ್ನೆಯನ್ನು ಕೇಳಿದವರು ಮಾತ್ರ ಕಡಿಮೆ. ನೀತಿಗೆ ಧರ್ಮಗ್ರಂಥವೇ ಬೇಕೆ? ದೇವರನ್ನು ನಂಬದವನು ಒಳ್ಳೆಯವನಾಗಿ ಬಾಳಲಾರನೆ?

ದೇವರ ಭಯವಿಲ್ಲದವನಿಗೆ ಎಂಥ ನೀತಿ ಎಂಬ ಮಾತನ್ನು ನಾವು ಶುಕ್ರವಾರದ ಬಯಾನ್‌ನಲ್ಲೂ ಕೇಳುತ್ತೇವೆ, ಮಠದ ಪ್ರವಚನದಲ್ಲೂ ಕೇಳುತ್ತೇವೆ. ವಿಚಾರವಾದಿಗಳಲ್ಲಿ ಕೆಲವರು ಇದನ್ನೇ ತಿರುಗಿಸಿ, ಧರ್ಮವಂತರ ನೀತಿ ಬರೀ ನರಕದ ಅಂಜಿಕೆ ಎನ್ನುತ್ತಾರೆ. ಎರಡೂ ಮಾತು ಒಂದಕ್ಕೊಂದು ಎದುರಾಗಿ ಕಂಡರೂ ಎರಡರ ಬುಡ ಒಂದೇ. ನಂಬಿಕೆ ಎಂದರೆ ಭಯ, ನೀತಿ ಎಂದರೆ ಆ ಭಯದ ಫಲ ಎಂದು ಇಬ್ಬರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಈ ತೀರ್ಮಾನ ಎಷ್ಟು ಸರಿ ಎಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಅದಕ್ಕೆ ಬೇಕಾದಷ್ಟು ಸಾಕ್ಷ್ಯಗಳಿವೆ. ಕಲ್ಲಿನ ಮೇಲೆ ಕೆತ್ತಿದವು ಕೆಲವು, ಬಾಯಿಂದ ಬಾಯಿಗೆ ಬಂದವು ಕೆಲವು, ನಮ್ಮ ಕಣ್ಣೆದುರೇ ನಡೆದವು ಕೆಲವು.

ಮೊದಲು ಭಾಷೆಯನ್ನೇ ಕೇಳೋಣ. ಕನ್ನಡದಲ್ಲಿ ಧರ್ಮ ಎಂದರೆ ಮತವೂ ಹೌದು, ನ್ಯಾಯದ ನಡತೆಯೂ ಹೌದು, ಭಿಕ್ಷುಕನ ಕೈಗೆ ಹಾಕುವ ಕಾಸೂ ಹೌದು. ಇನ್ನೊಂದು ಪದ ನಿಯತ್ತು. ಅರಬಿಯ 'ನಿಯ್ಯತ್' ನಮಗೆ ನಮಾಝ್‌ಗೆ ಮುನ್ನ, ರೋಝಾಕ್ಕೆ ಮುನ್ನ ಮನಸ್ಸಿನಲ್ಲಿ ಮಾಡಿಕೊಳ್ಳುವ ಸಂಕಲ್ಪ. ಆ ಪದ ಮಸೀದಿಯ ಹೊಸ್ತಿಲು ದಾಟಿ ಸಂತೆಗೆ ಬಂದು ಪ್ರಾಮಾಣಿಕತೆ ಎಂಬ ಅರ್ಥ ಪಡೆಯಿತು. ನಿಯತ್ತಿನ ಆಳು, ನಿಯತ್ತಿಲ್ಲದ ವ್ಯಾಪಾರಿ ಎಂದು ಎಲ್ಲ ಜಾತಿಯವರೂ ಆಡುತ್ತಾರೆ. ನಾಯಿಗೂ ನಿಯತ್ತು ಇದೆ ಎನ್ನುತ್ತಾರೆ. ಆ ಪದದ ಮತ ಯಾವುದೆಂದು ಇದುವರೆಗೆ ಯಾರೂ ಕೇಳಿಲ್ಲ. ದೇವರ ಮುಂದೆ ಮಾಡಿದ ಸಂಕಲ್ಪಕ್ಕೆ ಬೆಲೆ ಬರುವುದು ಮನುಷ್ಯರ ನಡುವೆ ನಡೆದುಕೊಂಡಾಗ ಎಂಬುದನ್ನು ಜನ ತಮ್ಮ ಮಾತಿನಲ್ಲೇ ಇಟ್ಟುಕೊಂಡಿದ್ದಾರೆ.

ಇನ್ನು ಕಲ್ಲಿನ ಸಾಕ್ಷ್ಯ. ಬಾದಾಮಿಯ ಕೆರೆಯ ಬಳಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ಹೇಳುವ ಇದು, ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಅತಿ ಹಳೆಯವು ಇರುವ ಶಾಸನ. ಸಾಹಿತ್ಯ ಚರಿತ್ರೆಕಾರರು ಇದನ್ನು ಹೆಚ್ಚಾಗಿ ಛಂದಸ್ಸಿಗಾಗಿ ನೆನೆಯುತ್ತಾರೆ. ನಾವು ಅದರ ನೀತಿಗಾಗಿ ಓದಬಹುದು. ಈ ಶಾಸನದಲ್ಲಿ ರಾಜನ ಹೊಗಳಿಕೆಯಿಲ್ಲ, ಗುಡಿಗೆ ಬಿಟ್ಟ ಭೂಮಿಯ ವಿವರವಿಲ್ಲ. ಇರುವುದು ಒಬ್ಬ ಮನುಷ್ಯ ಹೇಗೆ ನಡೆದುಕೊಂಡ ಎಂಬುದರ ಚಿತ್ರ. ಆತ ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು, ಕೆಡುಕರಿಗೆ ಮಾತ್ರ ಯಾರೂ ತಡೆಯಲಾಗದವನು. ಹಾಗೆಂದು ಇದನ್ನು ದೇವರಿಲ್ಲದ ಶಾಸನ ಎನ್ನಲಾಗದು. ಆ ವೀರನನ್ನು ಮಾಧವನೇ ಎಂದು ಕವಿ ಕರೆಯುತ್ತಾನೆ. ಹಿಂದೆ ಮಾಡಿದ್ದು ಮುಂದೆ ಬಂದು ಸೇರುತ್ತದೆ ಎಂಬ ಕರ್ಮದ ನಂಬಿಕೆಯೂ ಇದೆ. ಆದರೂ ಕಲ್ಲಿನ ಮೇಲೆ ಉಳಿಯಲು ಯೋಗ್ಯ ಎಂದು ಕವಿಗೆ ತೋರಿದ್ದು ಆತ ಮಾಡಿದ ಪೂಜೆಯಲ್ಲ, ಎದುರಿಗಿದ್ದವರೊಡನೆ ನಡೆದುಕೊಂಡ ರೀತಿ.

ಈ ನೀತಿಯ ಸೊಗಸನ್ನು ಮೆಚ್ಚುತ್ತಲೇ ಅದರ ಮಿತಿಯನ್ನೂ ಹೇಳಬೇಕು. ಒಳ್ಳೆಯವರಿಗೆ ಒಳ್ಳೆಯವನಾಗುವುದು ಅಷ್ಟೇನೂ ಕಷ್ಟವಲ್ಲ. ಒಳ್ಳೆಯವರು ಯಾರು, ಕೆಡುಕರು ಯಾರು ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ ತೊಡಕು ಶುರುವಾಗುತ್ತದೆ. 2022ರ ಜುಲೈಯಲ್ಲಿ ಇದೇ ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಗುಂಪು ಘರ್ಷಣೆ ನಡೆಯಿತು. ಚೂರಿ ಇರಿತಗಳಾದವು, ಅಂಗಡಿಗಳಿಗೆ, ತಳ್ಳುಗಾಡಿಗಳಿಗೆ ಬೆಂಕಿ ಬಿತ್ತು, ನಿಷೇಧಾಜ್ಞೆ ಹೊರಬಿತ್ತು. ಎರಡೂ ಕಡೆಗಳಲ್ಲಿ ದೇವರನ್ನು ನಂಬದವರು ಇದ್ದರೆಂದು ಯಾರೂ ದೂರಲಿಲ್ಲ. ನಂಬಿದವರೇ ಇದ್ದರು. ಇಂಥ ಹೊತ್ತಿನಲ್ಲಿ ಪ್ರತಿಯೊಬ್ಬನಿಗೂ ತಾನು ಸಾಧು, ಎದುರಿನವನು ಕೇಡಿಗ. ತಳ್ಳುಗಾಡಿ ಸುಟ್ಟುಹೋದವನ ಮನೆಯಲ್ಲಿ ಅಂದಿನ ಒಲೆ ಹೇಗೆ ಹತ್ತೀತು ಎಂಬ ಪ್ರಶ್ನೆ ಬೆಂಕಿ ಹಚ್ಚಿದವನ ನಂಬಿಕೆಯೊಳಗಿಂದ ಏಳಲಿಲ್ಲ. ನಂಬಿಕೆ ಇದ್ದರೆ ನೀತಿ ತಾನಾಗಿ ಬರುತ್ತದೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಇದು ಇಂದಿನ ಕಾಲದ ಕೇಡು ಎಂದು ಜಾರಿಕೊಳ್ಳುವಂತಿಲ್ಲ. ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುತಿ ಎಂಬ ಜೈನ ಗುಡಿಯಿದೆ. ಅದರ ಗೋಡೆಯ ಮೇಲಿನ ಸಂಸ್ಕೃತ ಶಾಸನವನ್ನು ರವಿಕೀರ್ತಿ ಎಂಬ ಜೈನ ಕವಿ ಕ್ರಿ.ಶ. 634ರಲ್ಲಿ ರಚಿಸಿದ. ಇರುವೆಯನ್ನೂ ತುಳಿಯಬಾರದೆನ್ನುವ ಧರ್ಮ ಆತನದು. ಗುಡಿ ಕಟ್ಟಿಸಿದ್ದು ಜಿನನಿಗೆ. ಅದೇ ಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳು, ಹರ್ಷನ ಸೇನೆಯಲ್ಲಿ ಉರುಳಿದ ಆನೆಗಳು, ನೆತ್ತರು ಬೆರೆತ ನೀರು ಇವೆಲ್ಲ ಸಡಗರದಿಂದ ಬರುತ್ತವೆ. ತನ್ನ ಕಾವ್ಯಕ್ಕೆ ಕಾಳಿದಾಸ, ಭಾರವಿಯರ ಕೀರ್ತಿ ಬಂತೆಂದು ಕವಿ ಹೇಳಿಕೊಳ್ಳುತ್ತಾನೆ. ಕಾವ್ಯವಾಗಿ ಅದು ದೊಡ್ಡದೇ. ಆದರೆ ಅಹಿಂಸೆಯ ನಂಬಿಕೆಯೂ ಕೊಲೆಯ ಹೊಗಳಿಕೆಯೂ ಒಂದೇ ಗೋಡೆಯ ಮೇಲೆ ಜಗಳವಿಲ್ಲದೆ ಕುಳಿತಿವೆ. ಅರಸನ ಅನ್ನ ಉಂಡವನ ನಂಬಿಕೆ ಅರಸನ ಕತ್ತಿಯನ್ನು ಪ್ರಶ್ನಿಸುವುದು ಸುಲಭವಲ್ಲ. ಇದು ಜೈನರೊಬ್ಬರ ಕತೆಯಲ್ಲ. ನಮ್ಮ ಸುಲ್ತಾನರ ಆಸ್ಥಾನಗಳ ಪಾರಸಿ ಚರಿತ್ರೆಕಾರರೂ ಹೀಗೆಯೇ ಬರೆದರು.

ಅದೇ ಹುನಗುಂದ ಸೀಮೆಯಲ್ಲಿ, ಕೃಷ್ಣೆ ಮಲಪ್ರಭೆಗಳು ಕೂಡುವ ಕಡೆ, ಕೂಡಲಸಂಗಮವಿದೆ. ಬಸವಣ್ಣನವರ ಹೆಸರಿನೊಂದಿಗೆ ಬೆಸೆದ ಈ ಊರಿಗೆ ಹನ್ನೆರಡನೆಯ ಶತಮಾನದಲ್ಲಿ ಬೇರೊಂದು ಮಾತು ಸೇರಿತು. ಅವರ ಬಹುಪ್ರಸಿದ್ಧ ವಚನವೊಂದರಲ್ಲಿ ಏಳು 'ಬೇಡ'ಗಳಿವೆ. ಕಳವು, ಕೊಲೆ, ಸುಳ್ಳು, ಸಿಟ್ಟು, ಪರರ ಬಗ್ಗೆ ಅಸಹನೆ, ತನ್ನ ಹೊಗಳಿಕೆ, ಇದಿರಿನವರ ನಿಂದೆ. ಶಾಲೆಯ ಗೋಡೆಗಳ ಮೇಲೆ ಓದಿ ಓದಿ ನಮಗೆ ಅದರ ಕಟ್ಟು ಕಾಣದಂತಾಗಿದೆ. ಈ ಏಳರಲ್ಲಿ ಒಂದೂ ಪೂಜೆಯ ವಿಷಯವಲ್ಲ. ಎಲ್ಲವೂ ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದವು. ದೇವರು ಆಜ್ಞೆ ಕೊಡುವವನಾಗಿ ಮೊದಲು ಬರುವುದಿಲ್ಲ, ಒಲಿಯುವವನಾಗಿ ಕೊನೆಗೆ ಬರುತ್ತಾನೆ. ಬಸವಣ್ಣನವರು ನಂಬಿಕೆಯನ್ನು ಬಿಟ್ಟವರಲ್ಲ, ಅದನ್ನು ನಡತೆಯಿಂದ ತೂಗಿದವರು. ಕಲ್ಲ ನಾಗರಕ್ಕೆ ಹಾಲೆರೆದು ಜೀವಂತ ಹಾವನ್ನು ಹೊಡೆಯುವವರನ್ನೂ, ಉಣ್ಣದ ಲಿಂಗಕ್ಕೆ ಎಡೆ ಇಟ್ಟು ಹಸಿದ ಜಂಗಮನನ್ನು ಅಟ್ಟುವವರನ್ನೂ ಅವರು ಗೇಲಿ ಮಾಡಿದ್ದು ಇದೇ ಕಾರಣಕ್ಕೆ. ಅರಭಟ್ಟನ ಕವಿಗೂ ಇವರಿಗೂ ಇರುವ ಅಂತರ ಇಲ್ಲಿದೆ. ಎದುರಿನವನು ಸಾಧುವಾಗಿದ್ದರೆ ಮಾತ್ರ ಎಂಬ ಷರತ್ತನ್ನು ವಚನ ತೆಗೆದುಹಾಕುತ್ತದೆ.

ಇಷ್ಟು ಓದಿದ ಮುಸ್ಲಿಮ್ ಓದುಗರು ಕೇಳಬಹುದು, ಇಸ್ಲಾಮಿನಲ್ಲಿ ಹಾಗಲ್ಲವಲ್ಲ, ಒಳಿತು ಕೆಡುಕುಗಳನ್ನು ಅಲ್ಲಾಹನೇ ತಿಳಿಸಿದ್ದಾನಲ್ಲ ಎಂದು. ಈ ಪ್ರಶ್ನೆ ನಮ್ಮ ಪೂರ್ವಿಕ ವಿದ್ವಾಂಸರಿಗೆ ಹೊಸದಲ್ಲ. ದೇವರು ಆಜ್ಞಾಪಿಸಿದ್ದರಿಂದ ಒಂದು ಕೆಲಸ ಒಳ್ಳೆಯದಾಯಿತೋ, ಅದು ಒಳ್ಳೆಯದಾದ್ದರಿಂದ ದೇವರು ಆಜ್ಞಾಪಿಸಿದನೋ ಎಂದು ಶತಮಾನಗಳ ಕಾಲ ಅವರು ವಾದಿಸಿದರು. ನ್ಯಾಯ ಅನ್ಯಾಯಗಳನ್ನು ಬುದ್ಧಿಯೇ ಅರಿಯಬಲ್ಲದು ಎಂದರು ಮುಅ್ತಝಿಲಾ ಪಂಥದವರು. ದೇವವಾಣಿಯೇ ಅದನ್ನು ನಿರ್ಣಯಿಸುತ್ತದೆ ಎಂದರು ಇಮಾಮ್ ಅಶ್ಅರಿ. ಸಮರ್‌ಕಂದದ ಇಮಾಮ್ ಮಾತುರೀದಿ ನಡುದಾರಿ ಹಿಡಿದು, ಹಲವು ಕೃತ್ಯಗಳ ಒಳಿತು ಕೆಡುಕು ಬುದ್ಧಿಗೆ ನಿಲುಕುತ್ತದೆ ಎಂದರು. ಉತ್ತರ ಕರ್ನಾಟಕದ ಬಹುಪಾಲು ಮುಸ್ಲಿಮರು ಹನಫಿಗಳು. ಹನಫಿಗಳು ಹೆಚ್ಚಾಗಿ ಅನುಸರಿಸಿದ್ದು ಮಾತುರೀದಿಯವರನ್ನು. ನಂಬದವನಿಗೆ ನೀತಿಯೇ ತಿಳಿಯದು ಎಂಬ ಮಾತಿಗೆ ಈ ಪರಂಪರೆಯಲ್ಲಿ ಆಧಾರ ಸಿಗುವುದು ಕಷ್ಟ.

ವಾದಕ್ಕಿಂತ ದೊಡ್ಡ ಆಧಾರ ಪ್ರವಾದಿ ಮುಹಮ್ಮದ್(ಸ) ಅವರ ಬದುಕಿನಲ್ಲಿದೆ. ಅವರಿಗೆ ಪ್ರವಾದಿತ್ವ ದೊರೆಯುವ ಮುನ್ನ ಮಕ್ಕಾದಲ್ಲಿ ಯಮನ್‌ನ ವ್ಯಾಪಾರಿಯೊಬ್ಬನಿಗೆ ಮೋಸವಾಯಿತು. ಸರಕು ಪಡೆದ ಪ್ರಬಲನೊಬ್ಬ ಹಣ ಕೊಡಲಿಲ್ಲ. ಆಗ ಕೆಲವರು ಅಬ್ದುಲ್ಲಾ ಇಬ್ನ್ ಜುದ್ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ ಅವನ ಪರ ನಿಲ್ಲುತ್ತೇವೆಂದು ಆಣೆ ಮಾಡಿದರು. ಹಿಲ್ಫುಲ್ ಫುಝೂಲ್ ಎಂದು ಹೆಸರಾದ ಆ ಒಪ್ಪಂದ ಮಾಡಿಕೊಂಡವರು ವಿಗ್ರಹಾರಾಧಕರ ಸಮಾಜದವರು. ತರುಣ ಮುಹಮ್ಮದರೂ ಅಲ್ಲಿದ್ದರು. ಇಸ್ಲಾಮ್ ಬಂದ ಮೇಲೆಯೂ ಅಂಥ ಒಪ್ಪಂದಕ್ಕೆ ಕರೆದರೆ ತಾವು ಓಗೊಡುವುದಾಗಿ ಅವರು ಹೇಳಿದರೆಂದು ಸೀರಾ ಗ್ರಂಥಗಳು ದಾಖಲಿಸಿವೆ. ನ್ಯಾಯ ಯಾರ ಮನೆಯಲ್ಲಿ ಹುಟ್ಟಿತು ಎಂದು ಅವರು ನೋಡಲಿಲ್ಲ. ಕುರ್‌ಆನಿನ 'ಅಲ್ ಮಾಊನ್' ಅಧ್ಯಾಯವಂತೂ ಧರ್ಮವನ್ನು ಸುಳ್ಳಾಗಿಸುವವನು ಯಾರೆಂದು ಕೇಳಿ, ಅನಾಥನನ್ನು ದಬ್ಬುವವನತ್ತ, ಬಡವನ ಊಟಕ್ಕೆ ಪ್ರೇರೇಪಿಸದವನತ್ತ ಬೊಟ್ಟು ಮಾಡುತ್ತದೆ. ನಮಾಝ್ ಮಾಡಿಯೂ ಸಣ್ಣ ಉಪಕಾರಕ್ಕೆ ಕೈ ಹಿಡಿಯುವವರನ್ನು ಅದು ಎಚ್ಚರಿಸುತ್ತದೆ.

ಹಾಗಾದರೆ ನಂಬಿಕೆಗೆ ಕೆಲಸವೇ ಇಲ್ಲವೆ? ಇದೆ. ಅದನ್ನು ಇಳಕಲ್ಲಿನಲ್ಲಿ ಕಾಣಬಹುದು. ಅಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕೇಳಿದ್ದು ಜೋಳವನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ತಂಬಾಕು ಬಿಡುತ್ತೇನೆಂಬ ಮಾತನ್ನು ಜೋಳಿಗೆಗೆ ಹಾಕಿಸಿಕೊಂಡರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕೆಲಸ ನಡೆಸಿದರು. ಅವರ ಜನ್ಮದಿನ ಆಗಸ್ಟ್ 1ನ್ನು ವ್ಯಸನಮುಕ್ತ ದಿನವಾಗಿ ಸರಕಾರ ಆಚರಿಸುತ್ತದೆ. ಕುಡಿತ ಕೆಟ್ಟದ್ದೆಂದು ಕುಡುಕನಿಗೆ ಸ್ವಾಮಿಗಳು ಹೇಳಿಕೊಡಬೇಕಾಗಿರಲಿಲ್ಲ. ಅವನ ಹೆಂಡತಿ ಮಕ್ಕಳು ದಿನವೂ ಹೇಳುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಕೊಟ್ಟ ಮಾತಿಗೆ ಒಬ್ಬ ಸಾಕ್ಷಿ, ಜಾರಿದಾಗ ಎತ್ತುವ ಒಂದು ಕೈ. ಜೋಳಿಗೆ ಅದನ್ನು ಕೊಟ್ಟಿತು. ರಮಝಾನಿನ ಉಪವಾಸವೂ ನಮಗೆ ಕೊಡುವುದು ಇದನ್ನೇ. ಯಾರೂ ನೋಡದಾಗಲೂ ನೀರು ಕುಡಿಯದೆ ಇರಬಲ್ಲವನು, ಯಾರೂ ನೋಡದಾಗ ತಕ್ಕಡಿಗೆ ಬೆರಳು ತಾಗಿಸದೆಯೂ ಇರಬೇಕು. ನಂಬಿಕೆ ನೀತಿಯನ್ನು ಹೆರುವುದಿಲ್ಲ, ಅದಕ್ಕೆ ಬಲ ಕೊಡುತ್ತದೆ. ಇಳಕಲ್ ಸೀರೆಯ ಒಡಲಿನ ನೂಲೇ ಬೇರೆ, ಸೆರಗಿನ ನೂಲೇ ಬೇರೆ. ನೇಕಾರರು ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ನೀತಿ, ನಂಬಿಕೆಗಳ ಸಂಬಂಧವೂ ಅಂಥದು. ಕೊಂಡಿ ಸಡಿಲಾದರೆ ಸೆರಗು ಎಷ್ಟು ಚೆಂದವಿದ್ದರೂ ಉಡಲು ಬರುವುದಿಲ್ಲ.

ಬಲ ಬೇರೆ ಕಡೆಯಿಂದಲೂ ಬರಬಹುದೆಂಬುದಕ್ಕೆ ಕನ್ನಡ ನಾಡಿನಲ್ಲೇ ಉದಾಹರಣೆಯಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ (1920-2005) ವಿಚಾರವಾದಿ. 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ನೇಮಿಸಿ ಹಲವರ ಸಿಟ್ಟಿಗೆ ಗುರಿಯಾದವರು. ಅದೇ ಮನುಷ್ಯ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು, ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ದಶಕಗಳ ಕಾಲ ಸರಳವಾಗಿ ಬಾಳಿದವರು. ಅವರನ್ನು ನೀತಿಗೆಟ್ಟವರೆಂದು ಕರೆಯಲು ಅವರ ವಿರೋಧಿಗಳಿಗೂ ನಾಲಿಗೆ ಬರಲಿಲ್ಲ.

ಆದ್ದರಿಂದ ನೀತಿಪಾಠಕ್ಕೆ ಯಾವ ಗ್ರಂಥ ಎಂಬ ಜಗಳ ನಮಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಮಕ್ಕಳನ್ನು ಬಾದಾಮಿಯ ಬಂಡೆಯ ಮುಂದೆ ನಿಲ್ಲಿಸಿ, ಒಳ್ಳೆಯವರಲ್ಲದವರಿಗೆ ನಾವೇನು ಮಾಡಬೇಕು ಎಂದು ಕೇಳಲಿ. ಐಹೊಳೆಯ ಗೋಡೆಯ ಮುಂದೆ, ಈ ಕವಿ ಹೇಳದೆ ಬಿಟ್ಟದ್ದೇನು ಎಂದು ಕೇಳಲಿ. ಸಂಗಮದಲ್ಲಿ ಆ ಏಳು ಬೇಡಗಳಲ್ಲಿ ಯಾವುದು ಕಷ್ಟ ಎಂದು ಕೇಳಲಿ. ಹಿಂದೂ ಮಗುವಿಗೂ ಮುಸ್ಲಿಮ್ ಮಗುವಿಗೂ ನಂಬದ ಮನೆಯ ಮಗುವಿಗೂ ಈ ಪ್ರಶ್ನೆಗಳು ಒಂದೇ.

ದೊಡ್ಡವರಾದ ನಮಗೂ ಪರೀಕ್ಷೆಯಿದೆ. ಈಮಾನ್ ಇಲ್ಲದವರಿಗೆ ನೀತಿಯಿಲ್ಲ ಎಂದು ಹೇಳುವ ಮುನ್ನ ನಮ್ಮ ಮನೆಗಳ ಲೆಕ್ಕ ನೋಡಬೇಕು. ಕುರ್‌ಆನ್ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಗೊತ್ತುಪಡಿಸಿದೆ. ಅಕ್ಕತಂಗಿಯರ ಆ ಪಾಲನ್ನು ಅವರಿಂದ ಬಿಡಿಸಿಕೊಂಡು, ಅದೇ ಹಣದಲ್ಲಿ ಉಮ್ರಾಕ್ಕೆ ಹೊರಡುವವರು ನಮ್ಮಲ್ಲಿ ಇದ್ದಾರೆ. ಅವರ ನಂಬಿಕೆಯನ್ನು ಅಳೆಯುವ ಅಧಿಕಾರ ನಮಗಿಲ್ಲ, ಅದು ಅಲ್ಲಾಹನಿಗೆ ಬಿಟ್ಟದ್ದು. ಅವರ ನಿಯತ್ತನ್ನು ಮಾತ್ರ ಊರೆಲ್ಲ ಅಳೆಯುತ್ತದೆ. ಅಕ್ಕತಂಗಿಯರೂ ಅಳೆಯುತ್ತಾರೆ.