ಯಂತ್ರಮಾನವನೋ, ಬಿಟ್ಟಿಯಾಳೋ?

ಮೊನ್ನೆ ಮೊಮ್ಮಗ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಲೋಹದ ಮನುಷ್ಯಾಕೃತಿಯೊಂದು ಓಡಿಬಂದು, ಹಿಂದಕ್ಕೆ ಲಾಗ ಹಾಕಿ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿತು. “ತಾತ, ಇವು ಒಂದು ದಿನ ನಮ್ಮನ್ನೆಲ್ಲ ಮುಗಿಸಿಬಿಡುತ್ತವಂತೆ, ನಿಜವಾ?” ಎಂದು ಕೇಳಿದ. ನಗುತ್ತಲೇ ಕೇಳಿದರೂ ದನಿಯಲ್ಲಿ ಅಂಜಿಕೆ ಇತ್ತು. ರೋಬೋಟ್ ಎಂಬ ಹೆಸರಿನ ಈ ಅಂಜಿಕೆಗೆ ನೂರು ವರ್ಷ ಮೀರಿದೆ. ಅದು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ರಂಗದ ಮೇಲೆ. ಕಪಾಟಿನಿಂದ ಕಾರೆಲ್ ಚಾಪೆಕ್‌ನ ‘ಆರ್. ಯು. ಆರ್.’ ನಾಟಕವನ್ನು ತೆಗೆದು ಮತ್ತೊಮ್ಮೆ ಓದಿದೆ. ಮುಗಿಸಿದಾಗ, ನಾವೆಲ್ಲರೂ ಆ ನಾಟಕದಿಂದ ತಪ್ಪು ಪಾಠವನ್ನೇ ಕಲಿತುಕೊಂಡು ಬಂದಿದ್ದೇವೆ ಎನ್ನಿಸಿತು.

ತಪ್ಪು ಹೆಸರಿನಿಂದಲೇ ಮೊದಲಾಗುತ್ತದೆ. ನಾಟಕ ಅಚ್ಚಾದದ್ದು 1920ರಲ್ಲಿ. ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರಕ್ಕೆ ಬಂದದ್ದು 1921ರ ಜನವರಿಯಲ್ಲಿ. ‘ರೋಬೋಟ್’ ಎಂಬ ಮಾತನ್ನು ಸೂಚಿಸಿದವನು ಚಾಪೆಕ್‌ನ ಅಣ್ಣ, ಚಿತ್ರಕಾರ ಜೋಸೆಫ್. ಚೆಕ್ ಭಾಷೆಯಲ್ಲಿ ‘ರೋಬೋತ’ ಎಂದರೆ ರೈತನು ಜಮೀನುದಾರನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕೆಲಸ. ಆ ದೇಶದಲ್ಲಿ ಅದು ಕಾನೂನಿನಿಂದ ತೊಲಗಿದ್ದು 1848ರಲ್ಲಿ. ಕನ್ನಡಿಗನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದು ನಮ್ಮ ‘ಬಿಟ್ಟಿ’. ರೋಬೋಟ್ ಎಂದರೆ ಬಿಟ್ಟಿಯಾಳು. ಆದರೆ ನಾವು ಅದನ್ನು ‘ಯಂತ್ರಮಾನವ’ ಎಂದು ಕರೆದೆವು. ಮೂಲದಲ್ಲಿ ಯಂತ್ರವೂ ಇಲ್ಲ, ಮಾನವನೂ ಇಲ್ಲ; ಇರುವುದು ದುಡಿಮೆ. ಮಾನವನನ್ನು ಸೇರಿಸಿದ ಮೇಲೆ ಅವನ ಕೈಕಾಲು, ಕಣ್ಣುಮೂಗು, ಕೋಪತಾಪಗಳನ್ನು ಹುಡುಕುತ್ತ ಕುಳಿತೆವು. ದುಡಿಮೆಯ ಮಾತು ಮರೆಯಿತು.

ನಾಟಕದ ಮೊದಲ ಭಾಗ ಇಂದಿಗೂ ಬೆರಗು ಹುಟ್ಟಿಸುತ್ತದೆ. ಒಂದು ದ್ವೀಪ, ಅಲ್ಲೊಂದು ಕಾರ್ಖಾನೆ. ಅಲ್ಲಿಯ ರೋಬೋಟ್‌ಗಳು ತಗಡಿನ ಬೊಂಬೆಗಳಲ್ಲ. ಹಿಟ್ಟಿನಂತೆ ನಾದಿದ ಜೀವದ್ರವ್ಯದಿಂದ ಮಾಡಿದ ಆಳುಗಳು. ಹಿರಿಯ ರೋಸುಮ್‌ಗೆ ದೇವರು ಬೇಕಿಲ್ಲವೆಂದು ಸಾಧಿಸುವ ಹಟ. ಎಂಜಿನಿಯರನಾದ ಕಿರಿಯ ರೋಸುಮ್‌ಗೆ ಅಗ್ಗದ ಕೆಲಸಗಾರ ಸಿಕ್ಕರೆ ಸಾಕು. ದುಡಿಮೆಗೆ ಬೇಡದ್ದನ್ನೆಲ್ಲ ಆತ ಕಿತ್ತುಹಾಕುತ್ತಾನೆ. ಸಂತೋಷಪಡುವುದು, ಪಿಟೀಲು ಬಾರಿಸುವುದು ಎಲ್ಲ ದಂಡದ ಖರ್ಚು. ಆಮೇಲೆ ಡಾಕ್ಟರ್ ಗಾಲ್ ಎಂಬುವನು ಈ ಆಳುಗಳಿಗೆ ನೋವಿನ ನರಗಳನ್ನು ಕೊಡಲು ಹೊರಡುತ್ತಾನೆ. ಕರುಣೆಯಿಂದಲ್ಲ. ನೋವು ತಿಳಿಯದ ಆಳು ಕೈ ಮುರಿದುಕೊಂಡರೆ ಕಾರ್ಖಾನೆಗೆ ನಷ್ಟ! ಲಾಭದ ಲೆಕ್ಕ ಜೀವವನ್ನು ಹೇಗೆ ನೋಡುತ್ತದೆಂಬುದನ್ನು ಇಷ್ಟು ತಣ್ಣಗೆ ತೋರಿಸಿದ ದೃಶ್ಯಗಳು ವಿರಳ. ನಿರ್ದೇಶಕ ಡೊಮಿನ್ ಮಾತ್ರ ಕನಸುಗಾರ. ಹತ್ತು ವರ್ಷದಲ್ಲಿ ಧಾನ್ಯ, ಬಟ್ಟೆ ಎಲ್ಲವೂ ಬೇಕಾದಷ್ಟಾಗಿ ಬಡತನವೇ ಉಳಿಯದೆಂದು ನಂಬಿಸುತ್ತಾನೆ.

ಇಲ್ಲಿಂದ ಮುಂದೆ ನಾಟಕಕಾರ ದಾರಿ ಬದಲಾಯಿಸಿದನೆಂಬುದೇ ನನ್ನ ಆಕ್ಷೇಪ. ಅಮೆರಿಕದ ಕೆಲಸಗಾರರು ದಂಗೆಯೆದ್ದು ರೋಬೋಟ್‌ಗಳನ್ನು ಒಡೆದುಹಾಕಿದರು, ಅವರನ್ನು ಅಡಗಿಸಲು ರೋಬೋಟ್‌ಗಳ ಕೈಗೆ ಆಯುಧ ಕೊಟ್ಟರು ಎಂಬ ಸುದ್ದಿ ನಾಲ್ಕೇ ಮಾತಿನಲ್ಲಿ ಬಂದು ಹೋಗುತ್ತದೆ. ಕೆಲಸ ಕಳೆದುಕೊಂಡ ಒಬ್ಬ ಕೂಲಿಗಾರನೂ ರಂಗದ ಮೇಲೆ ಬಂದು ಡೊಮಿನ್‌ನನ್ನು ಪ್ರಶ್ನಿಸುವುದಿಲ್ಲ. ರೋಬೋಟ್‌ಗಳ ದಂಗೆ, ಮನುಷ್ಯಕುಲದ ನಾಶ, ಕೊನೆಗೆ ಎರಡು ರೋಬೋಟ್‌ಗಳ ಪ್ರೇಮ ಇವುಗಳೇ ರಂಗವನ್ನು ತುಂಬುತ್ತವೆ. ರಂಗಕ್ಕೆ ಅದು ಒಪ್ಪುತ್ತದೆ, ನಿಜ. ಆದರೆ ಆಮೇಲಿನ ಕತೆಗಾರರೂ ಚಿತ್ರ ತೆಗೆಯುವವರೂ ದಂಗೆಯನ್ನು ಹಿಡಿದುಕೊಂಡು, ಬಿಟ್ಟಿಯನ್ನು ಕೈಬಿಟ್ಟರು.

ಈಚಿನ ನಿಜವಾದ ರೋಬೋಟ್‌ಗಳನ್ನು ನೋಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಮುಖವೇ ಇಲ್ಲ. 1961ರಲ್ಲಿ ನ್ಯೂಜೆರ್ಸಿಯ ಮೋಟಾರು ಕಾರ್ಖಾನೆಯಲ್ಲಿ ಕಾದ ಲೋಹದ ಎರಕಗಳನ್ನು ಎತ್ತಿಡಲು ನಿಂತ ‘ಯೂನಿಮೇಟ್’ ಬರಿಯ ಒಂದು ತೋಳು. ಶಸ್ತ್ರವೈದ್ಯರು ರೋಗಿಯಿಂದ ದೂರ ಕುಳಿತು ನಡೆಸುವ ‘ಡಾ ವಿಂಚಿ’ ನಾಲ್ಕು ತೋಳಿನ ಯಂತ್ರ. ಹಿಂದಿನವುಗಳಲ್ಲಿ ಊತಕದ ಬಿಗಿ ಎಷ್ಟೆಂಬುದು ವೈದ್ಯರ ಬೆರಳಿಗೆ ತಿಳಿಯುತ್ತಿರಲಿಲ್ಲ; ಕಣ್ಣಿನಿಂದಲೇ ಅಂದಾಜು ಮಾಡಬೇಕಿತ್ತು. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಐದನೆಯ ಮಾದರಿಯಲ್ಲಿ ಆ ಒತ್ತಡ ಕೈಗೆ ತಿಳಿಯುವ ಏರ್ಪಾಡು ಬಂದಿತು. ಗಾಲ್ ಕೊಡಹೊರಟ ನೋವು ಕಾರ್ಖಾನೆಯ ಲಾಭಕ್ಕಾಗಿ; ಈ ಸ್ಪರ್ಶ ರೋಗಿಯ ಕ್ಷೇಮಕ್ಕಾಗಿ. 2023ರ ಆಗಸ್ಟಿನಲ್ಲಿ ಚಂದ್ರನ ನೆಲಕ್ಕಿಳಿದ ನಮ್ಮ ‘ಪ್ರಜ್ಞಾನ್’ 26 ಕಿಲೋ ತೂಕದ, ಆರು ಚಕ್ರದ ಬಂಡಿ. ಸುಮಾರು 100 ಮೀಟರು ನಡೆದು, ಅಲ್ಲಿಯ ಮಣ್ಣಿನಲ್ಲಿ ಗಂಧಕವಿದೆಯೆಂದು ತಿಳಿಸಿ ನಿದ್ರೆಗೆ ಹೋಯಿತು. ಇವು ಯಾರ ಅನ್ನವನ್ನೂ ಕಿತ್ತುಕೊಂಡವೆನ್ನಲಾರೆ.

ಎಲ್ಲ ಕಡೆಯೂ ಲೆಕ್ಕ ಇಷ್ಟು ಸುಲಭವಲ್ಲ. ಅಮೆಜಾನ್ ಕಂಪನಿಯ ಉಗ್ರಾಣಗಳಲ್ಲಿ ದುಡಿಯುವ ರೋಬೋಟ್‌ಗಳ ಸಂಖ್ಯೆ 2025ರಲ್ಲಿ ಹತ್ತು ಲಕ್ಷ ಮುಟ್ಟಿತು. ಅಂಥ ಉಗ್ರಾಣಗಳಲ್ಲಿ ಕೆಲಸಗಾರ ಸರಕು ಹುಡುಕಿಕೊಂಡು ನಡೆಯಬೇಕಾಗಿಲ್ಲ. ಕಪಾಟೇ ಅವನ ಬಳಿಗೆ ಬರುತ್ತದೆ. ಕಾಲಿಗೆ ಬಿಡುವು ಸಿಕ್ಕಿತು. ಆದರೆ ಕಪಾಟುಗಳು ಒಂದರ ಹಿಂದೊಂದು ಬಂದು ನಿಲ್ಲುವಾಗ ಕೈಗೆ ಬಿಡುವು ಎಲ್ಲಿ? ಬಿಟ್ಟಿ ಹೋಯಿತೆ, ಕಾಲಿನಿಂದ ಕೈಗೆ ಏರಿತೆ?

ಚಾಪೆಕ್‌ನ ಮಾತಿಗೆ ನಿಜವಾಗಿ ಸಲ್ಲುವ ಒಂದು ಯಂತ್ರ ನೆರೆಯ ಕೇರಳದಲ್ಲಿದೆ. 2018ರಲ್ಲಿ ತಿರುವನಂತಪುರದಲ್ಲಿ ಒಳಚರಂಡಿಯ ಕೆಲಸಕ್ಕಿಳಿದ ಅದರ ಹೆಸರು ‘ಬ್ಯಾಂಡಿಕೂಟ್’, ಎಂದರೆ ಹೆಗ್ಗಣ. ಕಾಲು ಚಾಚಿಕೊಂಡು ಮ್ಯಾನ್‌ಹೋಲಿನೊಳಗೆ ಇಳಿಯುತ್ತದೆ, ತೋಳಿನಿಂದ ಹೊಲಸನ್ನು ಬಾಚಿ ಮೇಲಕ್ಕೆ ತರುತ್ತದೆ. ಮೇಲೆ ನಿಂತವನು ಪರದೆ ನೋಡುತ್ತ ನಡೆಸುತ್ತಾನೆ. ಹಿಂದೆ ತಾವೇ ಗುಂಡಿಗೆ ಇಳಿಯುತ್ತಿದ್ದವರಿಗೆ ಅದನ್ನು ನಡೆಸುವ ತರಬೇತಿ ಕೊಟ್ಟರೆಂಬುದು ನನಗೆ ಯಂತ್ರಕ್ಕಿಂತ ದೊಡ್ಡ ಸಂಗತಿ. ಏಕೆಂದರೆ, ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸಬಾರದೆಂಬ ಕಾನೂನು 2013ರಲ್ಲೇ ಆಯಿತು, ಸಾವು ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಸಾವಿನ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಬೇಕಾಗಿ ಬಂತು. ಹುಟ್ಟಿದ ಜಾತಿಯ ಕಾರಣಕ್ಕೆ ತಲೆಮೇಲೆ ಬಿದ್ದ ಈ ಕೆಲಸಕ್ಕಿಂತ ದೊಡ್ಡ ಬಿಟ್ಟಿ ಯಾವುದಿದೆ? ನಮ್ಮ ಬೀದಿಯಲ್ಲಿ ಚರಂಡಿ ಕಟ್ಟಿದಾಗ ದೂರು ಕೊಟ್ಟು ಬಾಗಿಲು ಹಾಕಿಕೊಳ್ಳುವ ನಾನು, ಕೆಳಗೆ ಇಳಿಯುವವರು ಯಾರೆಂದು ಎಷ್ಟು ಸಲ ಕೇಳಿದ್ದೇನೆ?

ಚಾಪೆಕ್‌ನ ನಾಟಕದಲ್ಲಿ ಕೊನೆಗೆ ಉಳಿಯುವ ಒಬ್ಬನೇ ಮನುಷ್ಯ ಆಲ್ಕ್ವಿಸ್ಟ್. ತಮ್ಮಂತೆ ಕೈಯಾರೆ ದುಡಿಯುವವನೆಂದು ರೋಬೋಟ್‌ಗಳು ಅವನನ್ನು ಕೊಲ್ಲದೆ ಬಿಡುತ್ತವೆ. ನಾಟಕ ಎಷ್ಟೇ ದಾರಿ ತಪ್ಪಿದರೂ ಈ ಒಂದು ಪಾತ್ರದಲ್ಲಿ ದುಡಿಮೆಯ ಮಾತನ್ನು ಉಳಿಸಿಕೊಂಡಿದೆ. ಅದಕ್ಕಾಗಿಯೇ ಅದನ್ನು ಇಂದೂ ಓದಬೇಕು.

ಮೊಮ್ಮಗನಿಗೆ ಹೇಳಿದೆ: “ಅದು ನಮ್ಮನ್ನು ಮುಗಿಸುತ್ತದೆಯೇ ಎಂದು ಕೇಳಬೇಡಪ್ಪ. ಯಾರ ಕೆಲಸ ಮಾಡುತ್ತಿದೆ, ಆ ಕೆಲಸ ಮಾಡುತ್ತಿದ್ದವರು ಈಗ ಎಲ್ಲಿದ್ದಾರೆ ಎಂದು ಕೇಳು.” ಅವನು ಸ್ವಲ್ಪ ಹೊತ್ತು ಫೋನನ್ನೇ ನೋಡಿದ. “ಲಾಗ ಹಾಕುವುದು ಯಾರ ಕೆಲಸ, ತಾತ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.