ಓಗೊಡುವುದು, ಒಲ್ಲೆನೆನ್ನುವುದು: ಕೌಂಡಿನ್ಯರ ವೃತ್ತಾಂತವನ್ನು ಕುರಿತು

ನಮ್ಮ ಸಾಹಿತ್ಯ ಚರಿತ್ರಕಾರರು ಬಾಸೆಲ್ ಮಿಷನ್ನಿನವರನ್ನು ಸ್ಮರಿಸುವುದು ಅವರ ಕೃತಿಗಳಿಗಾಗಿ. 1843ರ ‘ಮಂಗಳೂರ ಸಮಾಚಾರ’ವನ್ನೂ 1894ರ ಕಿಟ್ಟೆಲ್ ನಿಘಂಟನ್ನೂ ಕೊಂಡಾಡದ ಗ್ರಂಥ ವಿರಳ. ಆದರೆ ಆ ಜನರನ್ನು ಊರು ಬಿಡಿಸಿ ತಂದ ಪ್ರೇರಣೆ, ಎಂದರೆ ದೇವರು ತಮ್ಮನ್ನು ಕರೆದನೆಂಬ ನಂಬುಗೆ, ಪೀಠಿಕೆಯ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಮಿಷನ್ ಪಕ್ಷದ ಚರಿತ್ರೆಗಳ ದೋಷವು ಇದಕ್ಕೆ ವಿಪರೀತವಾದುದು. ಅವುಗಳಲ್ಲಿ ಕರೆಯೇ ಸರ್ವಸ್ವ; ಅದಕ್ಕೆ ಓಗೊಟ್ಟವನು ಧನ್ಯ, ಅಡ್ಡಬಂದವರೆಲ್ಲ ಕೇವಲ ವಿಘ್ನಗಳು. ಇವೆರಡು ರೀತಿಯ ಬರೆವಣಿಗೆಗೂ ಸಿಲುಕದೆ ಉಳಿಯುವ ಒಂದು ವೃತ್ತಾಂತವನ್ನು ಪ್ರಕೃತ ಪರಿಶೀಲಿಸಬಹುದು.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾಯ ಕೌಂಡಿನ್ಯರು ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. 1844ರ ಜನವರಿ 6ರಂದು, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರು ದೀಕ್ಷಾಸ್ನಾನ ಪಡೆದು ಗುರು ಹೆರ್ಮನ್ ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿಗೆ ಕೂಡಿಸಿಕೊಂಡರು. ಊರು ಕದಡಿತು. ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ, ಅಲ್ಲಿ ಅಭ್ಯಾಸ ಮಾಡಿ, 1851ರಲ್ಲಿ ಪಾದ್ರಿಪದವಿ ಪಡೆದು ಹಿಂದಿರುಗಿದರು. ಕೊಡಗಿನ ಆನಂದಪುರದ ಸ್ಥಾಪನೆಗೆ ಸ್ವಂತ ಹಣವನ್ನು ವಿನಿಯೋಗಿಸಿದರು. ಆದರೆ ಪತ್ನಿ ಲಕ್ಷ್ಮಿ ಅವರೊಡನೆ ಹೋಗಲಿಲ್ಲ. 1860ರಲ್ಲಿ ಕೌಂಡಿನ್ಯರು ಜರ್ಮನಿಯ ಮಾರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು.

ಪ್ರಚಲಿತ ಕಥನದಲ್ಲಿ ಲಕ್ಷ್ಮಿಗೆ ದೊರೆಯುವ ಸ್ಥಳ ಇಷ್ಟೆ. ಪತಿಯ ನಿರ್ಧಾರಕ್ಕೆ ‘ವಿಧೇಯತೆ’ ಎಂದು ಹೆಸರು, ಆಕೆಯ ನಿರ್ಧಾರಕ್ಕೆ ಹೆಸರೇ ಇಲ್ಲ. ಇದು ಕೇವಲ ಕರುಣೆಯ ಮಾತಲ್ಲ. ಬೈಬಲನ್ನೇ ಪ್ರಮಾಣವಾಗಿಟ್ಟುಕೊಂಡು ನೋಡಿದರೂ ಈ ಕಥನ ನ್ಯೂನವಾದುದು. ಅಲ್ಲಿ ಕರೆಯಿಸಿಕೊಂಡವರು ಪ್ರಾಯಶಃ ಮೊದಲು ಒಲ್ಲೆನೆನ್ನುವವರೇ. ಮೋಶೆ ತನ್ನ ನಾಲಗೆ ಮಂದವೆನ್ನುತ್ತಾನೆ; ಯೆರೆಮೀಯ ತಾನು ಬಾಲಕನೆನ್ನುತ್ತಾನೆ; ಯೋನನಂತೂ ನಿನೆವೆಗೆ ಹೋಗೆಂದರೆ ತಾರ್ಷೀಷಿನ ಹಡಗು ಹತ್ತುತ್ತಾನೆ. ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿಕೊಂಡನು. ವಿರೋಧವು ಅಲ್ಲಿ ಕರೆಯ ಒಂದು ಅಂಗ. ಮತಾಂತರದ ಚರಿತ್ರೆಗಳಾದರೋ ಆ ವಿರೋಧವನ್ನು ನಾಯಕನ ಎದೆಯಿಂದ ತೆಗೆದು ಅವನ ಬಂಧುಗಳ ತಲೆಗೆ ಕಟ್ಟಿಬಿಡುತ್ತವೆ.

ಕನ್ನಡದ ‘ಓಗೊಡು’ ಎಂಬ ಮಾತು ಇಲ್ಲಿ ವಿಚಾರಾರ್ಹ. ಕೂಗಿದವನಿಗೆ ‘ಓ’ ಎಂದು ದನಿಕೊಡುವುದೇ ಓಗೊಡುವುದು. ರಾತ್ರಿ ಹೊರಗಿನಿಂದ ಬಂದ ಮೊದಲ ಕರೆಗೆ ಓಗೊಡಬಾರದೆಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳುತ್ತಿದ್ದರು. ಕರೆದದ್ದು ಯಾರೆಂದು ಮೊದಲು ತಿಳಿಯಬೇಕಷ್ಟೆ. ಬಾಲಕ ಸಮುವೇಲನ ಕಥೆಯಲ್ಲಿಯೂ ಇದೇ ತೊಡಕಿದೆ. ಅವನು ಮೂರು ಬಾರಿ ದನಿ ಕೇಳಿ, ಏಲಿಯೇ ಕರೆದನೆಂದು ಅವನ ಬಳಿಗೆ ಓಡುತ್ತಾನೆ. ಅದು ದೇವರ ಕರೆಯೆಂದು ಗುರುತಿಸಿದವನು ಮುದುಕ ಏಲಿ. ಎಂದರೆ ಕರೆಯನ್ನು ಪರೀಕ್ಷಿಸಲು ಇನ್ನೊಬ್ಬರ ಕಿವಿ ಬೇಕು. ಕೌಂಡಿನ್ಯರ ಪಾಲಿಗೆ ಆ ಕಿವಿ ಮೋಗ್ಲಿಂಗರದಾಯಿತು. ಮನೆಯೊಳಗಣ ಕಿವಿಗೆ ಪ್ರಾಮಾಣ್ಯವಿದ್ದೀತೆಂಬ ಯೋಚನೆ ಈ ಕಥನಕಾರರಿಗೆ ಬಂದಂತೆ ಕಾಣದು.

ನಮ್ಮ ಪರಂಪರೆಯಲ್ಲಿ ಅದು ಅಪೂರ್ವವೇನಲ್ಲ. ಪುರಂದರದಾಸರ ಐತಿಹ್ಯದಲ್ಲಿ ಹೆಂಡತಿಯ ಮೂಗುತಿಯೇ ಕರೆಯನ್ನು ಮನೆಗೆ ತರುತ್ತದೆ. ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನು ತೊರೆದುಹೋದದ್ದನ್ನು ಶರಣಪರಂಪರೆ ಕೊಂಡಾಡಿತು. ಹೊರಟುಹೋದವಳನ್ನು ಹಾಡಿದ ನಾವು ಹೋಗಲೊಲ್ಲದವಳನ್ನು ಗಮನಿಸಲಿಲ್ಲ. (ಇಂದಿರಾಪುರಂನಂಥ ಕಡೆ ಮನೆಮಾಡಿರುವ ನಮ್ಮಲ್ಲಿ ಹೆಚ್ಚಿನವರನ್ನು ಇಲ್ಲಿಗೆ ಕರೆತಂದದ್ದು ದೇವರಲ್ಲ, ಉದ್ಯೋಗದ ಆಜ್ಞಾಪತ್ರ. ಆದರೂ ಊರಿನಿಂದ ಕದಲದವರ ಹಟವನ್ನು ‘ಹಿಂದುಳಿದಿರುವಿಕೆ’ ಎಂದು ಕರೆಯುವ ಚಾಪಲ್ಯ ನಮಗೂ ಇದೆ.)

ಕೌಂಡಿನ್ಯರ ಪ್ರಾಮಾಣಿಕತೆಯನ್ನು ಶಂಕಿಸುವುದು ನಮ್ಮ ಉದ್ದೇಶವಲ್ಲ. ಆಸ್ತಿ, ಜಾತಿ, ಮನೆ ಮೂರನ್ನೂ ಪಣವಾಗಿಟ್ಟವರ ವಿಷಯದಲ್ಲಿ ಅಂಥ ಶಂಕೆ ಅಲ್ಪತನವಾದೀತು. ವಿಧೇಯತೆಯೆಂಬುದು ಮಿಷನ್ನಿನ ಒಳಗೂ ಸರಳವಾಗಿರಲಿಲ್ಲ. ಕಮಿಟಿಯ ಒಪ್ಪಿಗೆಯಿಲ್ಲದೆ ಮಿಷನರಿ ಮದುವೆಯಾಗುವಂತೆಯೂ ಇರಲಿಲ್ಲ. ಹಾಗಿದ್ದೂ 1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದದ್ದು ಕಮಿಟಿಯ ಆಜ್ಞೆಯಿಂದಲ್ಲ, ಸ್ವಂತ ನಿರ್ಧಾರದಿಂದ. ಕಮಿಟಿಯ ಮಾತನ್ನು ದೇವರ ಮಾತಿನಿಂದ ಬೇರ್ಪಡಿಸಿ ನೋಡುವ ಸ್ವಾತಂತ್ರ್ಯವನ್ನು ಗುರುವಿಗೆ ಕೊಡುವ ಚರಿತ್ರಕಾರರು, ಗಂಡನ ಮಾತನ್ನು ದೇವರ ಮಾತಿನಿಂದ ಬೇರ್ಪಡಿಸುವ ಸ್ವಾತಂತ್ರ್ಯವನ್ನು ಶಿಷ್ಯನ ಹೆಂಡತಿಗೆ ಏಕೆ ಕೊಡರು?

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ, ನಂಬದ ಸಂಗಾತಿ ಅಗಲುವುದಾದರೆ ಅಗಲಲಿ, ನಂಬಿದವರು ಆಗ ಬದ್ಧರಲ್ಲ ಎಂದು ತೀರ್ಮಾನಿಸುತ್ತಾನೆ. ಈ ವಾಕ್ಯವನ್ನು ನಂಬಿದವನ ಬಿಡುಗಡೆಗಾಗಿಯೇ ಉದ್ಧರಿಸುವುದು ವಾಡಿಕೆ. ಅಗಲುವವಳನ್ನು ಬಲವಂತಪಡಿಸಬಾರದೆಂಬ ಅರ್ಥವೂ ಅದರಲ್ಲಿದೆ. ಕೌಂಡಿನ್ಯರ ಎರಡನೆಯ ಮದುವೆಯಾದ ಆರು ವರ್ಷಗಳ ಮೇಲೆ, 1866ರಲ್ಲಿ, ಬ್ರಿಟಿಷ್ ಸರ್ಕಾರ ಮತಾಂತರಿತರ ವಿವಾಹವಿಚ್ಛೇದನಕ್ಕೆ ಶಾಸನ ಮಾಡಿತು. ಅದರ ಪ್ರಕಾರ, ಕ್ರೈಸ್ತನಾದ ಗಂಡನೊಡನೆ ಬಾಳಲೊಲ್ಲದ ಹೆಂಡತಿಯನ್ನು ನ್ಯಾಯಾಧೀಶನು ಸ್ವತಃ ವಿಚಾರಿಸಬೇಕು. ಆಕೆ ಒಲ್ಲೆನೆಂದರೆ ಒಂದು ವರ್ಷ ಕಾಯಬೇಕು. ಆಮೇಲೆ ಮತ್ತೆ ಕೇಳಬೇಕು.